1:24 ಅಳತೆಯಲ್ಲಿ ನಮ್ಮ ಲಾರಿ: ಚಾಸಿಯಿಂದ ತಾಡಪಾಲಿನ ಹಗ್ಗದವರೆಗೆ

ಮನೆಯಲ್ಲಿ ಮಾಡಿದ ಮಾದರಿ ಲಾರಿ ಆಟಿಕೆಯಂತೆ ಕಾಣುವುದಕ್ಕೆ ಹೆಚ್ಚಿನ ಸಲ ಕಾರಣ ಬಣ್ಣವಲ್ಲ, ದಪ್ಪ. 1:24 ಅಳತೆಯಲ್ಲಿ ಮಾದರಿಯ ಒಂದು ಮಿ.ಮೀ. ಅಂದರೆ ನಿಜವಾದ ಲಾರಿಯ 24 ಮಿ.ಮೀ. ಐಸ್‌ಕ್ರೀಮ್ ಕಡ್ಡಿಯನ್ನು ಹಲಗೆ ಮಾಡಿದರೆ ಅದು 48 ಮಿ.ಮೀ. ದಪ್ಪದ ಹಲಗೆಯಾಗುತ್ತದೆ, ಅಂಥ ಹಲಗೆ ಹಾಕಿದ ಲಾರಿ ಎಲ್ಲೂ ಇಲ್ಲ. ಬ್ರಶ್‌ನಲ್ಲಿ ಮೂರು ಕೋಟ್ ಬಳಿದು ಬಣ್ಣ 0.1 ಮಿ.ಮೀ. ಕೂತರೆ ಅದು 2.4 ಮಿ.ಮೀ. ಬಣ್ಣ. ಕಣ್ಣಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆದರೂ 'ಇದು ಸುಳ್ಳು' ಅಂತ ಕಣ್ಣು ತಕ್ಷಣ ಹೇಳಿಬಿಡುತ್ತದೆ. ಹಾಗಾಗಿ ಹಲಗೆ, ಗಾಜು, ಹಗ್ಗ, ಅಕ್ಷರ, ಕೊನೆಗೆ ಧೂಳು ಕೂಡ, ಕೈಗೆ ತೆಗೆದುಕೊಂಡ ಪ್ರತಿಯೊಂದನ್ನೂ 24ರಿಂದ ಗುಣಿಸಿ ನೋಡುವ ಅಭ್ಯಾಸ ಮೊದಲು ಬರಬೇಕು.

ಇಲ್ಲಿ ಹೇಳುವುದು ಎರಡು ಆಕ್ಸಲ್‌ನ, ಮರದ ಬಾಡಿಯ, ಹಳೆಯ ನ್ಯಾಷನಲ್ ಪರ್ಮಿಟ್ ಲಾರಿಯನ್ನು ಶೀಟಿನಿಂದಲೇ ಕತ್ತರಿಸಿ ಮಾಡುವ ಬಗೆ. ಇಟಲೇರಿ, ರೆವೆಲ್ ಕಂಪನಿಗಳ 1:24 ಟ್ರಕ್ ಕಿಟ್ ಜೋಡಿಸುವವರಿಗೂ ಚಾಸಿ ಮತ್ತು ಬಣ್ಣದ ಭಾಗ ಹಾಗೆಯೇ ಅನ್ವಯಿಸುತ್ತದೆ.

ಅಳತೆ ಮೊದಲು

ಫೋಟೋ ನೋಡಿ ಅಂದಾಜಿಗೆ ಕತ್ತರಿಸಬೇಡಿ. ಲಾರಿ ಸ್ಟ್ಯಾಂಡ್‌ಗೆ ಟೇಪ್ ತೆಗೆದುಕೊಂಡು ಹೋಗಿ, ಡ್ರೈವರನ್ನು ಕೇಳಿ ಅಳೆಯಿರಿ. ಅರ್ಧ ಗಂಟೆ ಸಾಕು. ಬೇಕಾದದ್ದು ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಗಳ ಅಂತರ), ಮುಂದಿನ ಚಕ್ರದ ನಡುವಿನಿಂದ ಬಂಪರ್‌ವರೆಗೆ (ಮುಂಚಾಚು), ಹಿಂದಿನ ಚಕ್ರದ ನಡುವಿನಿಂದ ಬಾಡಿಯ ತುದಿವರೆಗೆ (ಹಿಂಚಾಚು), ಬಾಡಿಯ ಉದ್ದ ಅಗಲ, ನೆಲದಿಂದ ಬಾಡಿಯ ತಳದ ಎತ್ತರ, ಗೋಡೆಯ ಎತ್ತರ, ಟೈರಿನ ವ್ಯಾಸ. ಸಣ್ಣ ವಿವರಗಳ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆಯಿರಿ, ಆಮೇಲೆ ಅಲ್ಲಿಂದಲೇ ಅಳತೆ ಹಿಡಿಯಬಹುದು.

ಈ ಲೇಖನದ ಲಾರಿಗೆ ಹಿಡಿದಿರುವ ಲೆಕ್ಕ ಹೀಗಿದೆ. ವೀಲ್‌ಬೇಸ್ 4,200 ಮಿ.ಮೀ., ಮಾದರಿಯಲ್ಲಿ 175. ಮುಂಚಾಚು 1,200, ಅಂದರೆ 50. ಹಿಂಚಾಚು 2,100, ಅಂದರೆ 87.5. ಒಟ್ಟು ಉದ್ದ 312.5 ಮಿ.ಮೀ. ಬಾಡಿ 18 ಅಡಿ, 228.5 ಮಿ.ಮೀ. ಬಾಡಿಯ ಅಗಲ 8 ಅಡಿ, ಸುಮಾರು 101.5. ಬಾಡಿಯ ತಳ ನೆಲದಿಂದ 54, ಗೋಡೆ 75. ಕ್ಯಾಬಿನ್‌ಗೆ 79, ಕ್ಯಾಬಿನ್ ಮತ್ತು ಬಾಡಿಯ ನಡುವೆ 5 ಮಿ.ಮೀ. ಸಂದು.

ನಿಮ್ಮ ಅಳತೆ ಸರಿಯಿದೆಯೇ ಅಂತ ನೋಡಲು ಎರಡು ಪರೀಕ್ಷೆಗಳಿವೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ವಾಹನದ ಅಗಲ 2.6 ಮೀಟರ್ ಮೀರುವಂತಿಲ್ಲ, ಮಾದರಿಯಲ್ಲಿ ಅದು 108 ಮಿ.ಮೀ. ಹಿಂಚಾಚು ವೀಲ್‌ಬೇಸ್‌ನ ಶೇ. 60 ಮೀರುವಂತಿಲ್ಲ, ನಮ್ಮ ಲಾರಿಗೆ ಅದು 105 ಮಿ.ಮೀ. ಇವೆರಡನ್ನು ದಾಟಿದ್ದರೆ ಎಲ್ಲೋ ಅಳತೆ ತಪ್ಪಿದೆ. ಬಾಡಿಯನ್ನು ಬೇಕಾದಷ್ಟು ಹಿಂದಕ್ಕೆ ಎಳೆದು 'ಉದ್ದ ಇದ್ದರೆ ಚೆಂದ' ಅಂತ ಮಾಡಿದ ಮಾದರಿಗಳಲ್ಲಿ ಕಾಣುವ ದೋಷ ಇದೇ: ಹಿಂದಿನ ಚಕ್ರ ಬಾಡಿಯ ನಡುವಿಗೆ ಬಂದುಬಿಟ್ಟಿರುತ್ತದೆ.

ಸಾಮಾನು ಮತ್ತು ಅಂಟು

ಸ್ಟೇಷನರಿ ಅಂಗಡಿಯಲ್ಲಿ ಸನ್‌ಬೋರ್ಡ್ ಅಂತ ಸಿಗುವ ಪಿವಿಸಿ ಫೋಮ್ ಶೀಟ್ 3 ಮಿ.ಮೀ. ಒಂದು, ಸ್ಟೈರೀನ್ ಪ್ಲಾಸ್ಟಿಕ್ ಶೀಟ್ 0.5 ಮತ್ತು 1 ಮಿ.ಮೀ., ಅವಧಿ ಮುಗಿದ ಎಟಿಎಂ ಕಾರ್ಡುಗಳು, ಕಾಫಿ ಕಲಕುವ ಮರದ ಕಡ್ಡಿ ಅಥವಾ 1 ಮಿ.ಮೀ. ಮರದ ವೀನಿಯರ್, 0.5 ಮತ್ತು 0.8 ಮಿ.ಮೀ. ತಂತಿ, 2 ಮತ್ತು 3 ಮಿ.ಮೀ. ಕಬ್ಬಿಣದ ಸಲಾಕೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ., ನಿಜದಲ್ಲಿ 18 ಮಿ.ಮೀ. ಬ್ರಾಕೆಟ್, ಮೆಟ್ಟಿಲು, ನಂಬರ್ ಪ್ಲೇಟಿನ ಚೌಕಟ್ಟಿಗೆ ಇದಕ್ಕಿಂತ ಅಗ್ಗದ ಸಾಮಾನು ಸಿಗುವುದಿಲ್ಲ. ಉಪಯೋಗಿಸುವ ಮುನ್ನ ಚಿಪ್ಪು ಮತ್ತು ಸಂಖ್ಯೆಗಳನ್ನು ಕತ್ತರಿಸಿ ಎಸೆಯಿರಿ.

ಕಟರ್ ಬ್ಲೇಡನ್ನು ಜಿಪುಣತನವಿಲ್ಲದೆ ಮುರಿಯುತ್ತಿರಿ. ಮೊಂಡಾದ ಬ್ಲೇಡು ಫೋಮ್ ಶೀಟನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. 3 ಮಿ.ಮೀ. ಶೀಟನ್ನು ಒಂದೇ ಎಳೆತಕ್ಕೆ ಕತ್ತರಿಸಲು ಹೋದರೆ ಬ್ಲೇಡು ಓರೆಯಾಗಿ ಅಂಚು ಇಳಿಜಾರಾಗುತ್ತದೆ. ಉಕ್ಕಿನ ಸ್ಕೇಲ್ ಒತ್ತಿ ಹಿಡಿದು ಹಗುರವಾಗಿ ನಾಲ್ಕೈದು ಸಲ ಎಳೆಯಿರಿ.

ಯಾವುದಕ್ಕೆ ಯಾವ ಅಂಟು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಸ್ಟೈರೀನ್‌ಗೆ ಸ್ಟೈರೀನ್ ಸೇರಿಸಲು ತೆಳು ಪ್ಲಾಸ್ಟಿಕ್ ಸಿಮೆಂಟ್, ಅದು ಎರಡೂ ತುಂಡುಗಳನ್ನು ಕರಗಿಸಿ ಒಂದಾಗಿಸುತ್ತದೆ. ಅದೇ ಸಿಮೆಂಟ್ ಪಿವಿಸಿ ಫೋಮ್ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿಗೆ ಫೆವಿಕ್ವಿಕ್ ಬೇಕು. ಮರಕ್ಕೆ ಫೆವಿಕಾಲ್. ಲೋಹದ ಆಕ್ಸಲ್‌ಗೆ ಅರಾಲ್ಡೈಟ್. ಗಾಜಿಗೆ ಮಾತ್ರ ಫೆವಿಕ್ವಿಕ್ ಹತ್ತಿರವೂ ತರಬೇಡಿ: ಅದರ ಆವಿ ಪಾರದರ್ಶಕ ಶೀಟಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ, ಒರೆಸಿದರೂ ಹೋಗುವುದಿಲ್ಲ. ಥರ್ಮೋಕೋಲ್ ಈ ಕೆಲಸಕ್ಕೆ ಬೇಡವೇ ಬೇಡ, ಸ್ಪ್ರೇ ಪೇಂಟ್ ತಾಗಿದ ಕೂಡಲೇ ಕರಗಿ ಕುಳಿಯಾಗುತ್ತದೆ.

ಪಿವಿಸಿ ಶೀಟನ್ನು ಬೆಂಕಿಗೆ ಹಿಡಿದು ಬಗ್ಗಿಸುವುದು, ಕಾದ ತಂತಿಯಿಂದ ಕತ್ತರಿಸುವುದು ಎರಡೂ ಅಪಾಯ. ಸುಟ್ಟ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಬಗ್ಗಿಸಬೇಕಾದರೆ ಕುದಿಯುವ ಹಂತದ ಬಿಸಿನೀರಲ್ಲಿ ಅದ್ದಿ, ಬಾಟಲಿಗೆ ಸುತ್ತಿ ತಣ್ಣಗಾಗುವವರೆಗೆ ಹಿಡಿಯಿರಿ.

ಚಾಸಿ

ಎಲ್ಲ ಕೆಲಸವನ್ನೂ ಗಾಜಿನ ಹಲಗೆ ಅಥವಾ ಅಡುಗೆ ಕಟ್ಟೆಯ ಗ್ರಾನೈಟ್ ತುಂಡಿನ ಮೇಲೆ ಮಾಡಿ. ಟೇಬಲ್ಲಿನ ಪ್ಲೈವುಡ್ ಚಪ್ಪಟೆಯಾಗಿರುತ್ತದೆ ಅನ್ನುವ ನಂಬಿಕೆ ತಪ್ಪು.

ಚಾಸಿಯ ಎರಡು ಉದ್ದ ರೈಲುಗಳ ಹೊರ ಅಗಲ ನಿಜದಲ್ಲಿ ಸುಮಾರು 864 ಮಿ.ಮೀ., ಮಾದರಿಯಲ್ಲಿ 36. ಎತ್ತರ ಸುಮಾರು 9.5 ಮಿ.ಮೀ. ಉಕ್ಕಿನ ದಪ್ಪವನ್ನು ಲೆಕ್ಕ ಹಾಕಿದರೆ 0.3 ಮಿ.ಮೀ. ಶೀಟ್ ಬೇಕು, ಆದರೆ ಅಷ್ಟು ತೆಳು ಸ್ಟೈರೀನ್ 300 ಮಿ.ಮೀ. ಉದ್ದಕ್ಕೆ ಜೋತುಬೀಳುತ್ತದೆ. ಇಲ್ಲಿ ಒಂದು ರಾಜಿ ಮಾಡಿಕೊಳ್ಳಿ: ನಿಂತ ಪಟ್ಟಿಗೆ 1 ಮಿ.ಮೀ. ಶೀಟ್, ಮೇಲಿನ ಕೆಳಗಿನ ಅಡ್ಡಪಟ್ಟಿಗೆ 0.5 ಮಿ.ಮೀ. ಶೀಟನ್ನು 3 ಮಿ.ಮೀ. ಅಗಲಕ್ಕೆ ಕತ್ತರಿಸಿ ಅಂಟಿಸಿ. ದಪ್ಪ ಕಣ್ಣಿಗೆ ಬೀಳುವುದು ಅಡ್ಡಪಟ್ಟಿಯ ಅಂಚಿನಲ್ಲಿ ಮಾತ್ರ. ಹೀಗೆ ಆಗುವ ಸಿ ಆಕಾರದ ಚಾನೆಲ್‌ನ ತೆರೆದ ಮುಖ ಒಳಗಡೆಗೆ ಬರಬೇಕು. ಇದನ್ನು ತಿರುಗಿಸಿ ಅಂಟಿಸಿದ ಮಾದರಿಗಳು ಬಹಳ.

ಎರಡು ರೈಲುಗಳ ನಡುವೆ ಐದಾರು ಅಡ್ಡ ತುಂಡುಗಳು ಬರುತ್ತವೆ. ಅವನ್ನೆಲ್ಲ ಒಟ್ಟಿಗೆ ಕಟ್ಟಿ ಒಂದೇ ಸಲ ಮರಳು ಕಾಗದದಲ್ಲಿ ಉಜ್ಜಿ, ಆಗ ಎಲ್ಲವೂ ಒಂದೇ ಉದ್ದ ಬರುತ್ತವೆ. ಮೊದಲು ಎರಡು ತುದಿಯವನ್ನು ಅಂಟಿಸಿ ಕರ್ಣಗಳನ್ನು ಅಳೆಯಿರಿ. ಎರಡು ಕರ್ಣಗಳಲ್ಲಿ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೌಕಟ್ಟು ಸೊಟ್ಟಗಿದೆ. ಅಂಟು ಒಣಗುವ ಮುಂಚೆ ಸರಿಪಡಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಚಾಸಿ ತಿರುಚಿದ್ದರೆ ಮುಂದಿನ ಯಾವ ಹಂತದಲ್ಲೂ ಅದನ್ನು ಮುಚ್ಚಲು ಬರುವುದಿಲ್ಲ. ಬಾಡಿ ಒಂದು ಕಡೆ ವಾಲುತ್ತದೆ, ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ.

ಆಕ್ಸಲ್ ಮೇಲೆ ಚಾಸಿಯನ್ನು ಹೊರುವ ಕಮಾನು ಪ್ಲೇಟುಗಳನ್ನು (ಲೀಫ್ ಸ್ಪ್ರಿಂಗ್) ಮಾಡುವ ಮುಂಚೆ ಒಂದು ತೀರ್ಮಾನ ಆಗಲೇಬೇಕು. ನಿಮ್ಮ ಲಾರಿ ಖಾಲಿಯೋ, ಲೋಡ್ ಆಗಿದೆಯೋ? ಖಾಲಿ ಲಾರಿಯ ಹಿಂದಿನ ಪ್ಲೇಟುಗಳು ಬಿಲ್ಲಿನಂತೆ ಬಾಗಿರುತ್ತವೆ, ಲೋಡ್ ಬಿದ್ದಾಗ ಬಹುತೇಕ ನೇರವಾಗುತ್ತವೆ, ಬಾಡಿ ಟೈರಿಗೆ ಹತ್ತಿರ ಇಳಿಯುತ್ತದೆ. ಮೂಟೆ ತುಂಬಿಸಿ ತಾಡಪಾಲು ಕಟ್ಟಿ, ಕೆಳಗೆ ಪ್ಲೇಟು ಬಾಗಿದ ಹಾಗೇ ಬಿಟ್ಟರೆ ಲಾರಿ ಹತ್ತಿ ಹೊತ್ತಂತೆ ಕಾಣುತ್ತದೆ.

ಪ್ಲೇಟಿನ ದಪ್ಪ ನಿಜದಲ್ಲಿ 12 ಮಿ.ಮೀ. ಆಸುಪಾಸು, ಅಗಲ 75ರ ಹತ್ತಿರ. ಆದ್ದರಿಂದ 0.5 ಮಿ.ಮೀ. ಸ್ಟೈರೀನನ್ನು 3 ಮಿ.ಮೀ. ಅಗಲದ ಪಟ್ಟಿ ಮಾಡಿ. ಹಿಂದಿನ ಕಟ್ಟಿಗೆ ಉದ್ದದ ಪಟ್ಟಿ 60 ಮಿ.ಮೀ., ಆಮೇಲೆ ಪ್ರತಿಯೊಂದೂ 6 ಮಿ.ಮೀ. ಕಡಿಮೆ: 54, 48, 42 ಹೀಗೆ 12ರವರೆಗೆ ಒಂಬತ್ತು ಪಟ್ಟಿ. ನಿಮ್ಮ ಲಾರಿಯಲ್ಲಿ ಎಷ್ಟಿವೆಯೋ ಎಣಿಸಿ ಅಷ್ಟೇ ಹಾಕಿ. ಪಟ್ಟಿಗಳನ್ನು ಮೊದಲು ಬಾಟಲಿಯ ಮೇಲೆ ಹೆಬ್ಬೆರಳಿಂದ ಎಳೆದು ಬಾಗಿಸಿ, ನಡುವಲ್ಲಿ ಮಾತ್ರ ಸಿಮೆಂಟ್ ತಾಗಿಸಿ ಒಂದರ ಕೆಳಗೊಂದು ಜೋಡಿಸಿ. ಪೂರ್ತಿ ಉದ್ದಕ್ಕೆ ಸಿಮೆಂಟ್ ಹರಿದರೆ ಪಟ್ಟಿಗಳ ನಡುವಿನ ಗೆರೆ ಕರಗಿ ಇಡೀ ಕಟ್ಟು ಒಂದು ದಿಮ್ಮಿಯಾಗುತ್ತದೆ. ನಡುವೆ 0.5 ಮಿ.ಮೀ. ತಂತಿಯಿಂದ ಎರಡು ಯು-ಬೋಲ್ಟ್ ಬಗ್ಗಿಸಿ ಹಾಕಿ. ಬಣ್ಣ ಹಚ್ಚಿದ ಮೇಲೆ ಪಟ್ಟಿಗಳ ಅಂಚಿಗೆ ಒಣ ಬ್ರಶ್‌ನಲ್ಲಿ ತಿಳಿ ಬೂದು ಸವರಿದರೆ ಒಂದೊಂದು ಪ್ಲೇಟೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಇಡೀ ಮಾದರಿಯಲ್ಲಿ ಇಷ್ಟು ಸಣ್ಣ ಜಾಗ ಇಷ್ಟು ಬೆಲೆ ತರುವುದು ಬೇರೆಲ್ಲೂ ಇಲ್ಲ.

ಡೀಸೆಲ್ ಟ್ಯಾಂಕ್, ಬ್ಯಾಟರಿ ಪೆಟ್ಟಿಗೆ, ಗಾಳಿಯ ಟ್ಯಾಂಕ್, ಹಿಂದಿನ ಆಕ್ಸಲ್‌ನ ಹೌಸಿಂಗ್, ಪ್ರೊಪೆಲ್ಲರ್ ಶಾಫ್ಟ್, ಸ್ಟೆಪ್ನಿ. ಇವುಗಳ ಜಾಗ ಫೋಟೋ ನೋಡಿ ಹಾಕಿ. ಪೆನ್ನಿನ ಕೊಳವೆ, ಫೋಮ್ ತುಂಡು ಸಾಕು.

ಚಕ್ರಗಳು

ಆ ಕಾಲದ ಲಾರಿಗಳ ಟೈರ್ 10.00-20. ವ್ಯಾಸ ಸುಮಾರು 1,055 ಮಿ.ಮೀ., ಮಾದರಿಯಲ್ಲಿ 44. ಅಗಲ 11.5. ರಿಮ್ 20 ಇಂಚು, ಅಂದರೆ 21 ಮಿ.ಮೀ. ಯುರೋಪಿನ ಟ್ರಕ್ ಕಿಟ್‌ಗಳ ಟೈರ್ ವ್ಯಾಸದಲ್ಲಿ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ, ಆದರೆ ಅವು 22.5 ಇಂಚಿನ ರಿಮ್‌ನವು, ಸುಮಾರು 24 ಮಿ.ಮೀ. ಆ ಮೂರು ಮಿ.ಮೀ. ವ್ಯತ್ಯಾಸಕ್ಕೇ ಲಾರಿ ಪರದೇಶದ್ದಾಗಿಬಿಡುತ್ತದೆ, ಟೈರಿನ ಗೋಡೆ ಗಿಡ್ಡವಾಗಿ ಕಾಣುತ್ತದೆ.

ಮನೆಯಲ್ಲೇ ಮಾಡುವುದಾದರೆ 3 ಮಿ.ಮೀ. ಫೋಮ್ ಶೀಟಿನಿಂದ 46 ಮಿ.ಮೀ. ವ್ಯಾಸದ ನಾಲ್ಕು ಬಿಲ್ಲೆ ಕತ್ತರಿಸಿ ಅಂಟಿಸಿ. ನಡುವೆ ರಂಧ್ರ ಕೊರೆದು ಬೋಲ್ಟ್ ನಟ್ಟಿನಿಂದ ಬಿಗಿದು, ಹ್ಯಾಂಡ್ ಡ್ರಿಲ್‌ಗೆ ಸಿಕ್ಕಿಸಿ, ನಿಧಾನ ವೇಗದಲ್ಲಿ 120ರ ಮರಳು ಕಾಗದ ಹಿಡಿದು 44ಕ್ಕೆ ತನ್ನಿ. ಭುಜವನ್ನು ದುಂಡಾಗಿಸಿ, ಕೊನೆಗೆ 400ರ ಕಾಗದ. ಮಾಸ್ಕ್ ಇಲ್ಲದೆ ಈ ಕೆಲಸ ಬೇಡ, ಪಿವಿಸಿ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸುತ್ತಲಿನ ಗೀರುಗಳನ್ನು ತ್ರಿಕೋನ ಅರದಿಂದ ಕೊರೆಯಬಹುದು. ಮುಂದೆ ಎರಡು, ಹಿಂದೆ ನಾಲ್ಕು, ಸ್ಟೆಪ್ನಿ ಒಂದು, ಒಟ್ಟು ಏಳು. ಎಂಟು ಮಾಡಿ, ಒಂದು ಕೆಡುವುದು ಖಂಡಿತ.

ಹಿಂದಿನ ಜೋಡಿ ಟೈರುಗಳ ನಡುವೆ 1.7 ಮಿ.ಮೀ. ಸಂದು ಬಿಡಿ. ರಿಮ್ ಎಲ್ಲಕ್ಕೂ ಒಂದೇ ನಮೂನೆ, ಆದರೆ ಮುಂದಿನ ಚಕ್ರದಲ್ಲಿ ತಟ್ಟೆ ಹೊರಕ್ಕೆ ಉಬ್ಬಿರುತ್ತದೆ, ಹಿಂದಿನ ಹೊರ ಚಕ್ರದಲ್ಲಿ ಅದೇ ತಟ್ಟೆ ತಿರುಗಿ ಒಳಕ್ಕೆ ತಗ್ಗಾಗಿರುತ್ತದೆ. ನಾಲ್ಕೂ ಕಡೆ ಉಬ್ಬಿದ ತಟ್ಟೆ ಹಾಕಿದರೆ ಜೋಡಿ ಟೈರ್ ಕೂರಿಸಿದ ಅರ್ಥವೇ ಹೋಗುತ್ತದೆ.

ಕಿಟ್‌ನಲ್ಲಿ ಬರುವ ಮೆತ್ತನೆಯ ವಿನೈಲ್ ಟೈರ್ ಬಳಸುವವರಿಗೆ ಒಂದು ಎಚ್ಚರಿಕೆ. ಅದನ್ನು ಮೆತ್ತಗಿಡುವ ರಾಸಾಯನಿಕ ವರ್ಷಗಳಲ್ಲಿ ಹೊರಬಂದು ಸ್ಟೈರೀನ್ ರಿಮ್ಮನ್ನು ತಿನ್ನುತ್ತದೆ. ಟೈರ್ ತಾಗುವ ಜಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಕೂರಿಸಿ.

ಆಕ್ಸಲ್ ಅಂಟಿಸುವಾಗ ಚಾಸಿಯನ್ನು ಗಾಜಿನ ಮೇಲೆ ಚಕ್ರಗಳ ಸಮೇತ ನಿಲ್ಲಿಸಿ, ಅರಾಲ್ಡೈಟ್ ಗಟ್ಟಿಯಾಗುವ ಮುಂಚೆ ಪ್ರತಿ ಟೈರಿನ ಕೆಳಗೆ ಒಂದು ಕಾಗದದ ಚೂರು ತೂರಿಸಿ ಎಳೆಯಿರಿ. ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಸುಲಭವಾಗಿ ಜಾರಿ ಬಂದ ಕಡೆ ಟೈರ್ ನೆಲ ಬಿಟ್ಟಿದೆ ಎಂದರ್ಥ.

ಕ್ಯಾಬಿನ್ ಮತ್ತು ಬಾಡಿ

ಬರೀ ಚಾಸಿ ಕೊಂಡು, ಬಾಡಿ ಕಟ್ಟುವವರಲ್ಲಿ ಮರ ಮತ್ತು ತಗಡಿನ ಕ್ಯಾಬಿನ್ ಕಟ್ಟಿಸಿದ ಲಾರಿಯನ್ನೇ ಆರಿಸಿಕೊಳ್ಳಿ. ಅದರ ಮುಖ ಬಹುತೇಕ ಚಪ್ಪಟೆ, ಮುಂದಿನ ಗಾಜು ಎರಡು ನೇರ ತುಂಡು. ಮೊದಲ ಮಾದರಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ.

ಗೋಡೆಗಳಿಗೆ 1 ಮಿ.ಮೀ. ಸ್ಟೈರೀನ್. ಫೋಮ್ ಶೀಟ್ ಹಾಕಿದರೆ ಕಿಟಕಿಯ ಅಂಚು 72 ಮಿ.ಮೀ. ದಪ್ಪದ ಕೋಟೆ ಗೋಡೆಯಾಗುತ್ತದೆ. ಕಿಟಕಿಗಳನ್ನು ಜೋಡಿಸುವ ಮುಂಚೆಯೇ ಕತ್ತರಿಸಿ, ಮೂಲೆಗಳಲ್ಲಿ ಮೊದಲು 2 ಮಿ.ಮೀ. ರಂಧ್ರ ಕೊರೆದರೆ ಮೂಲೆ ದುಂಡಗೆ ಬರುತ್ತದೆ, ಸೀಳುವುದಿಲ್ಲ. ಬಾಗಿಲಿನ ಸಂದು ನಿಜದಲ್ಲಿ 5-6 ಮಿ.ಮೀ., ಇಲ್ಲಿ 0.25. ಬಾಗಿಲು ಬೇರೆ ಮಾಡಿ ಅಂಟಿಸಬೇಡಿ, ಬ್ಲೇಡಿನ ಬೆನ್ನಿನಿಂದ ಎರಡು ಮೂರು ಸಲ ಗೀರಿದರೆ ಸಾಕು. ಛಾವಣಿಗೆ 3 ಮಿ.ಮೀ. ಫೋಮ್, ಅಂಚುಗಳನ್ನು ಉಜ್ಜಿ ನಡುವೆ ಸ್ವಲ್ಪ ಉಬ್ಬು ಬರಿಸಿ. ಗಾಜಿಗೆ ಸಾಮಾನು ಪ್ಯಾಕ್ ಆಗಿ ಬರುವ ಪಾರದರ್ಶಕ ಡಬ್ಬಿಯ 0.25 ಮಿ.ಮೀ. ಪ್ಲಾಸ್ಟಿಕ್, ಅದನ್ನು ಬಣ್ಣವೆಲ್ಲ ಮುಗಿದ ಮೇಲೆ ಒಳಗಿನಿಂದ ಫೆವಿಕಾಲ್‌ನಲ್ಲಿ ಕೂರಿಸಿ.

ಬಾಡಿಯ ತಳಕ್ಕೆ 3 ಮಿ.ಮೀ. ಫೋಮ್, ಅದರ ಮೇಲೆ ಮರದ ಪಟ್ಟಿ. ಅಡಿಯಲ್ಲಿ ಚಾಸಿಯ ಮೇಲೆ ಉದ್ದಕ್ಕೆ ಎರಡು ತೊಲೆ, ಅದರ ಮೇಲೆ ಅಡ್ಡತೊಲೆಗಳು, ಆಮೇಲೆ ತಳ. ಈ ಮೂರು ಪದರ ಪಕ್ಕದಿಂದ ಕಾಣುತ್ತವೆ, ಬಿಡಬೇಡಿ. ಗೋಡೆಯ ಹಲಗೆ ಆರು ಇಂಚು ಅಗಲ, ಅಂದರೆ 6.3 ಮಿ.ಮೀ. ಹಲಗೆಗಳ ನಡುವೆ ಸಂದು ಬಿಡುವ ಆಸೆ ಬೇಡ. ಅರ್ಧ ಮಿ.ಮೀ. ಬಿಟ್ಟರೂ ನಿಜದಲ್ಲಿ ಅದು ಬೆರಳು ತೂರುವ ಸಂದು, ಕಾಳು ಸೋರಿಹೋಗುತ್ತದೆ. ಪ್ರತಿ ಪಟ್ಟಿಯ ಅಂಚಿಗೆ ಪೆನ್ಸಿಲ್ ಎಳೆದು ಒತ್ತೊತ್ತಾಗಿ ಅಂಟಿಸಿ, ಅಷ್ಟೇ ನೆರಳು ಸಾಕು. ಹೊರಗಿನಿಂದ 2 ಮಿ.ಮೀ. ಕಂಬಗಳು. ಎದುರುಬದುರು ಕಂಬಗಳ ತಲೆಗೆ ಅಡ್ಡ ಸರಪಳಿ, ಗೋಡೆ ಲೋಡಿಗೆ ಹೊರಕ್ಕೆ ಬಾಗದಂತೆ ಹಿಡಿಯುವುದು ಅದೇ. ತಳದ ಅಂಚಿನಡಿ ಹಗ್ಗ ಕಟ್ಟುವ ಕೊಕ್ಕೆಗಳನ್ನು 0.5 ಮಿ.ಮೀ. ತಂತಿಯಲ್ಲಿ ಈಗಲೇ ಹಾಕಿಬಿಡಿ, ಬಣ್ಣದ ನಂತರ ರಂಧ್ರ ಕೊರೆದರೆ ಬಣ್ಣ ಸಿಡಿಯುತ್ತದೆ.

ಚಾಸಿ, ಕ್ಯಾಬಿನ್, ಬಾಡಿ, ಚಕ್ರ ನಾಲ್ಕನ್ನೂ ಬೇರೆಬೇರೆಯಾಗಿಯೇ ಬಣ್ಣಕ್ಕೆ ಒಯ್ಯಿರಿ.

ಬಣ್ಣ

ಫೋಮ್ ಶೀಟಿನ ಕತ್ತರಿಸಿದ ಅಂಚು ಸ್ಪಂಜಿನಂತೆ ಬಣ್ಣ ಕುಡಿಯುತ್ತದೆ. ಅಂಚಿಗೆ ಫೆವಿಕ್ವಿಕ್ ತೆಳುವಾಗಿ ಸವರಿ ಉಜ್ಜಿ, ಅಥವಾ ಗ್ಯಾರೇಜಿನವರು ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಹಚ್ಚಿ. ಪುಟ್ಟಿಯನ್ನು ಒಂದೇ ಸಲ ದಪ್ಪ ಹಾಕಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ಎರಡು ಮೂರು ತೆಳು ಪದರ ಹಾಕಿ, ಪ್ರತಿ ಸಲ ಗಂಟೆ ಬಿಡಿ. ನಂತರ 400, 600, ನೀರು ಹಚ್ಚಿ 1000ರ ಕಾಗದ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಕೂತ ಕಡೆ ಬಣ್ಣ ಕಿತ್ತು ಬರುತ್ತದೆ.

ಬೂದು ಪ್ರೈಮರ್ 20-25 ಸೆಂ.ಮೀ. ದೂರದಿಂದ ಎರಡು ಹಗುರ ಕೋಟ್. ಪ್ರೈಮರಿನ ನಿಜವಾದ ಕೆಲಸ ದೋಷ ತೋರಿಸುವುದು. ಅದುವರೆಗೆ ಕಾಣದ ಗೀರು, ಸಂದು ಎಲ್ಲ ಈಗ ಕಾಣುತ್ತವೆ. ಸರಿಪಡಿಸಿ, ಮತ್ತೆ ಒಂದು ಕೋಟ್, ಒಂದು ದಿನ ಬಿಡಿ.

'ನಿಜವಾದ ಲಾರಿಗೂ ಬ್ರಶ್‌ನಲ್ಲೇ ಬಳಿಯುತ್ತಾರಲ್ಲ' ಅಂತ ಗೋಡೆಗೆ ಹಚ್ಚುವ ಎನಾಮಲ್ ತಂದು ಬಳಿಯಬೇಡಿ. ಬ್ರಶ್‌ನ ಕೂದಲಿನ ಗೆರೆ 24 ಪಟ್ಟು ದೊಡ್ಡದಾಗಿ ಕಾಣುತ್ತದೆ. ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಉಪಕರಣ) ಇದ್ದರೆ 0.3 ಮಿ.ಮೀ. ನಳಿಕೆ, 15ರಿಂದ 18 ಪಿಎಸ್‌ಐ ಒತ್ತಡ, 8-10 ಸೆಂ.ಮೀ. ದೂರ. ತಮಿಯಾ ಕಂಪನಿಯ ಆಕ್ರಿಲಿಕ್ ಆದರೆ ಅದರದೇ ಎಕ್ಸ್-20ಎ ತಿನ್ನರ್ ಸಮಸಮ ಬೆರೆಸಿ. ಹಾಲಿನಂತೆ ಬಟ್ಟಲಿನ ಗೋಡೆಯಿಂದ ಇಳಿದು ತೆಳು ಪೊರೆ ಬಿಡಬೇಕು. ಮೊದಲ ಕೋಟ್ ಪೂರ್ತಿ ಮುಚ್ಚಬಾರದು, ಮೂರನೆಯದಕ್ಕೆ ಮುಚ್ಚಿದರೆ ಸರಿ. ಕೋಟಿನ ನಡುವೆ 10-15 ನಿಮಿಷ. ಸ್ಪ್ರೇ ಕ್ಯಾನ್ ಬಳಸುವವರು ಕ್ಯಾನನ್ನು ಐದು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಇಟ್ಟರೆ ಹನಿ ಸಣ್ಣದಾಗುತ್ತದೆ, ಒಲೆಯ ಹತ್ತಿರ ಒಯ್ಯಬೇಡಿ. ಕಾರಿನ ಸ್ಪ್ರೇ ಪೇಂಟ್ ಸ್ಟೈರೀನನ್ನು ಮೆತ್ತಗಾಗಿಸಬಲ್ಲದು, ಚೂರಿನ ಮೇಲೆ ಮೊದಲು ಪರೀಕ್ಷಿಸಿ. ಲ್ಯಾಕರ್ (ಬೇಗ ಆರುವ ದ್ರಾವಕದ ಬಣ್ಣ) ಹೊಡೆಯುವಾಗ ಬಟ್ಟೆಯ ಮಾಸ್ಕ್ ಏನೂ ತಡೆಯುವುದಿಲ್ಲ, ರಾಸಾಯನಿಕ ಆವಿಗೆ ಬರುವ ಕಾರ್ಟ್ರಿಡ್ಜ್ ಮಾಸ್ಕೇ ಬೇಕು.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಬಣ್ಣದ ಮೇಲೆ ಹಾಲಿನಂಥ ಬಿಳಿ ಪೊರೆ ಬರುತ್ತದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಕಾರಣ. ಬಿಸಿಲು ಬಂದ ದಿನ ಬರೀ ತಿನ್ನರ್ ತೆಳುವಾಗಿ ಹೊಡೆದರೆ ಬಹಳ ಸಲ ಪೊರೆ ಬಿಡುತ್ತದೆ. ಬಯಲುಸೀಮೆಯ ಬೇಸಿಗೆಯ ಮಧ್ಯಾಹ್ನ ಇದಕ್ಕೆ ಉಲ್ಟಾ: ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಬೆಳಗ್ಗೆ ಹೊಡೆಯಿರಿ.

ಒಂದರ ಮೇಲೊಂದು ಬಣ್ಣ ಹಾಕುವ ಕ್ರಮ ಮರೆಯಬೇಡಿ: ಲ್ಯಾಕರ್ ಅಡಿಯಲ್ಲಿ, ಅದರ ಮೇಲೆ ಆಕ್ರಿಲಿಕ್, ಕೊನೆಗೆ ಎನಾಮಲ್ ಅಥವಾ ಆಯಿಲ್. ಎನಾಮಲ್ ಮೇಲೆ ಲ್ಯಾಕರ್ ಬಿದ್ದರೆ ಸುಕ್ಕುಗಟ್ಟುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನ್ಯಾಷನಲ್ ಪರ್ಮಿಟ್ ಲಾರಿಗೆ ಹೇಳಿದ ಬಣ್ಣ ಒಣಗಿದ ಎಲೆಯ ಕಂದು, ಸುತ್ತ 30 ಸೆಂ.ಮೀ. ಬಿಳಿ ಅಂಚು, ಎರಡೂ ಬದಿಗೆ 60 ಸೆಂ.ಮೀ. ವೃತ್ತದೊಳಗೆ 'ನ್ಯಾಷನಲ್ ಪರ್ಮಿಟ್' ಎಂಬ ಬರಹ. ಮಾದರಿಯಲ್ಲಿ ಅಂಚು 12.5 ಮಿ.ಮೀ., ವೃತ್ತ 25 ಮಿ.ಮೀ. ಮೊದಲು ಇಡೀ ಬಾಡಿಗೆ ಬಿಳಿ. ಒಂದು ದಿನ ಬಿಟ್ಟು ಅಂಚಿಗೆ ಮಾಸ್ಕಿಂಗ್ ಟೇಪ್ ಒತ್ತಿ, ಟೇಪಿನ ಅಂಚಿನ ಮೇಲೆ ಮತ್ತೊಮ್ಮೆ ಅದೇ ಬಿಳಿಯನ್ನು ತೆಳುವಾಗಿ ಹೊಡೆಯಿರಿ. ಹಲಗೆಯ ಸಂದಿಯಲ್ಲಿ ನುಸುಳುವ ಬಣ್ಣ ಬಿಳಿಯೇ ಆಗಿರುವುದರಿಂದ ಆಮೇಲೆ ಕಂದು ನುಸುಳಲು ಜಾಗ ಇರುವುದಿಲ್ಲ. ಕಂದು ಬಣ್ಣಕ್ಕೆ ತಮಿಯಾ ಎಕ್ಸ್‌ಎಫ್-64 (ಕೆಂಗಂದು) ಮೂರು ಪಾಲು, ಎಕ್ಸ್‌ಎಫ್-59 (ಮರಳು ಹಳದಿ) ಒಂದು ಪಾಲು ಒಳ್ಳೆಯ ಶುರು. ಅದಕ್ಕೆ ಹತ್ತನೇ ಒಂದು ಪಾಲು ಬಿಳಿ ಸೇರಿಸಿ, ಸಣ್ಣ ವಸ್ತುವಿನ ಮೇಲೆ ಅಸಲಿ ಬಣ್ಣ ಯಾವಾಗಲೂ ಕಪ್ಪಾಗಿ ಕಾಣುತ್ತದೆ. ಚಾಸಿಗೂ ಟೈರಿಗೂ ಅಪ್ಪಟ ಕಪ್ಪು ಬೇಡ, ಕಡು ಬೂದು ಸಾಕು. ಬಣ್ಣ ಕೈಗಂಟದಷ್ಟು ಒಣಗಿದ ಕೂಡಲೇ ಟೇಪನ್ನು ಅದರ ಮೇಲೆಯೇ ಮಡಚಿ, ನಿಧಾನವಾಗಿ ಎಳೆಯಿರಿ. ಮೇಲಕ್ಕೆ ಎತ್ತಿ ಕಿತ್ತರೆ ಅಂಚು ಹರಿಯುತ್ತದೆ.

ಬರಹ

ಲಾರಿಗೆ ಜೀವ ಬರುವುದು ಇಲ್ಲಿ. 'ತಂದೆ ತಾಯಿಯ ಆಶೀರ್ವಾದ', 'ಶ್ರೀ ಮಲೆ ಮಹದೇಶ್ವರ ಪ್ರಸನ್ನ', ಹಿಂದೆ 'ಸೌಂಡ್ ಹಾರ್ನ್'. 15 ಸೆಂ.ಮೀ. ಎತ್ತರದ ಅಕ್ಷರ ಇಲ್ಲಿ 6 ಮಿ.ಮೀ., ಗೆರೆಯ ದಪ್ಪ 0.8. ಕೈಯಲ್ಲಿ ಬರೆಯುವುದಾದರೆ ಸೊನ್ನೆ ಮೂರರ (000) ಬ್ರಶ್, ಉದ್ದ ಕೂದಲಿನದು. ಪೆನ್ಸಿಲ್ಲಲ್ಲಿ ಮೇಲೆ ಕೆಳಗೆ ಎರಡು ಗೆರೆ ಎಳೆದು, ಎಲ್ಲ ಅಕ್ಷರಗಳ ದುಂಡು ಹೊಟ್ಟೆಗಳನ್ನು ಮೊದಲು ಬರೆದು, ತಲೆಕಟ್ಟುಗಳನ್ನು ಆಮೇಲೆ ಒಂದೇ ಸಾಲಿನಲ್ಲಿ ಹಾಕುತ್ತ ಹೋದರೆ ಸಾಲು ಏರಿಳಿಯುವುದಿಲ್ಲ. ತಪ್ಪಿದರೆ ಒರೆಸಲು ಬರುವಂತೆ ಬರೆಯುವ ಮುಂಚೆ ಹೊಳಪಿನ ಕ್ಲಿಯರ್ ಕೋಟ್ ಇರಲಿ.

ಕೈ ಓಡದಿದ್ದರೆ ನೀರಲ್ಲಿ ಅದ್ದಿ ಜಾರಿಸಿ ಅಂಟಿಸುವ ಡೆಕಾಲ್ ಕಾಗದದ ಮೇಲೆ ಪ್ರಿಂಟ್ ಮಾಡಿಸಿ. ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಆದ್ದರಿಂದ ಕಂದು ಬಣ್ಣದ ಮೇಲೆ ಬಿಳಿ ಅಕ್ಷರ ಬೇಕಾದರೆ ಬಿಳಿ ಡೆಕಾಲ್ ಕಾಗದದಲ್ಲಿ ಹಿನ್ನೆಲೆಯನ್ನು ಕಂದಾಗಿಸಿ ಅಚ್ಚು ಹಾಕಿಸಬೇಕು. ಇಂಕ್‌ಜೆಟ್ ಪ್ರಿಂಟಿಗೆ ನೀರಿಗೆ ಹಾಕುವ ಮುಂಚೆ ಎರಡು ಕೋಟ್ ಕ್ಲಿಯರ್ ಹೊಡೆಯದಿದ್ದರೆ ಶಾಯಿ ತೊಳೆದುಹೋಗುತ್ತದೆ. ಮ್ಯಾಟ್ ಬಣ್ಣದ ಮೇಲೆ ನೇರ ಅಂಟಿಸಿದರೆ ಒರಟಿನಲ್ಲಿ ಗಾಳಿ ಸಿಕ್ಕಿ ಸುತ್ತಲೂ ಬೆಳ್ಳಿ ಹೊಳಪು ಕಾಣುತ್ತದೆ. ಹೊಳಪು ಕೋಟ್, ಡೆಕಾಲ್, ಮತ್ತೆ ಮ್ಯಾಟ್ ಕೋಟ್, ಇದೇ ಕ್ರಮ.

ನಂಬರ್ ಪ್ಲೇಟು 340ಕ್ಕೆ 200 ಮಿ.ಮೀ., ಇಲ್ಲಿ 14.2ಕ್ಕೆ 8.3. ಹಳದಿಯ ಮೇಲೆ ಕಪ್ಪು ಅಕ್ಷರ, ಎತ್ತರ 2.7 ಮಿ.ಮೀ., ಗೆರೆ 0.4. ಕಾಲ ಬೆರೆಸಬೇಡಿ. ಕಂದು ಬಣ್ಣದ ಹಳೆ ಲಾರಿಗೆ ಈಗಿನ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟು ಹಾಕಿದರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬಂಪರಿನ ನಿಂಬೆಹಣ್ಣಿಗೆ ಸಾಸಿವೆ ಕಾಳು ಅಳತೆಗೆ ಸರಿಯಾಗಿ ಕೂರುತ್ತದೆ. ಹಳದಿ ಬಳಿದು, ಹಸಿರು ದಾರದ 3 ಮಿ.ಮೀ. ತುಂಡುಗಳನ್ನು ಮೆಣಸಿನಕಾಯಿ ಮಾಡಿ ಜೊತೆಗೆ ಕಟ್ಟಿ.

ಧೂಳು, ತುಕ್ಕು

ಲಾರಿ ಎಲ್ಲಿಯದು ಅಂತ ತೀರ್ಮಾನಿಸಿ ಧೂಳು ಆರಿಸಿ. ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣು, ಉತ್ತರದ ಎರೆಮಣ್ಣಿನ ಕಪ್ಪು ಬೂದು, ಸಂಡೂರಿನ ಕಡೆಯ ಅದಿರಿನ ಕಂದುಗೆಂಪು ಬೇರೆಬೇರೆ. ರಸ್ತೆ ಬದಿಯ ಮಣ್ಣನ್ನೇ ತಂದು ಉದುರಿಸುವವರಿದ್ದಾರೆ. 0.1 ಮಿ.ಮೀ. ಮರಳಿನ ಕಣ ಇಲ್ಲಿ 2.4 ಮಿ.ಮೀ. ಜಲ್ಲಿ. ಕಾವಿ ಪುಡಿ ಅಥವಾ ಅರೆದ ಬಣ್ಣದ ಚಾಕ್‌ಪೀಸನ್ನು ತೆಳು ಮಲ್‌ಬಟ್ಟೆಯಲ್ಲಿ ಸೋಸಿ, ಒಣ ಮೆತ್ತನೆ ಬ್ರಶ್‌ನಲ್ಲಿ ಚಕ್ರದ ಹಿಂದೆ, ಮಡ್‌ಗಾರ್ಡ್ ಒಳಗೆ, ಹಿಂದಿನ ಡೋರಿನ ಕೆಳಗೆ ಹಚ್ಚಿ. ಮೇಲಕ್ಕೆ ಹೋದಂತೆ ಕಡಿಮೆಯಾಗಲಿ.

ಹಲಗೆಯ ಗೆರೆಗಳಿಗೆ ಬರ್ನ್ಟ್ ಅಂಬರ್ ಆಯಿಲ್ ಕಲರನ್ನು ಟರ್ಪೆಂಟೈನ್‌ನಲ್ಲಿ ಟೀ ನೀರಿನಷ್ಟು ತೆಳು ಮಾಡಿ ಬಿಡಿ. ಅರ್ಧ ಗಂಟೆ ಕಳೆದು ಹತ್ತಿ ಕಡ್ಡಿಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಮಳೆ ನೀರು ಇಳಿಯುವುದೂ ಹಾಗೆಯೇ. ಬಣ್ಣ ಕಿತ್ತ ಗುರುತುಗಳನ್ನು ಸ್ಪಂಜಿನ ತುದಿಯಿಂದ ಮುಟ್ಟಿಸಿ, ಸಾಸಿವೆಗಿಂತ ಚಿಕ್ಕದಿರಲಿ. ಅವು ಬರುವ ಜಾಗ ಹಿಂದಿನ ಡೋರಿನ ಅಂಚು, ಕೊಕ್ಕೆಗಳ ಸುತ್ತ, ಕ್ಯಾಬಿನ್ ಹತ್ತುವ ಮೆಟ್ಟಿಲು. ಛಾವಣಿಯ ನಡುವೆ ತುಕ್ಕಿನ ತೇಪೆ ಹಾಕಬೇಡಿ, ಅಲ್ಲಿ ಏನೂ ಉಜ್ಜುವುದಿಲ್ಲ.

ತಾಡಪಾಲು, ಹಗ್ಗ

ಲೋಡಿನ ಆಕಾರಕ್ಕೆ ಫೋಮ್ ತುಂಡುಗಳನ್ನು ಮೂಟೆಯಂತೆ ದುಂಡಾಗಿಸಿ ಪೇರಿಸಿ. ಮೇಲೆ ಒಂದೇ ಪದರ ಟಿಶ್ಯೂ ಕಾಗದ ಹಾಸಿ, ಸಮಪಾಲು ನೀರು ಬೆರೆಸಿದ ಫೆವಿಕಾಲನ್ನು ಬ್ರಶ್‌ನಿಂದ ತೋಯಿಸಿ. ಉಜ್ಜಬೇಡಿ, ಹರಿಯುತ್ತದೆ. ಒದ್ದೆ ಇರುವಾಗಲೇ ಹಗ್ಗ ಕಟ್ಟಬೇಕು. ಒಣಗಿದ ಮೇಲೆ ಕಟ್ಟಿದ ಹಗ್ಗ ತಾಡಪಾಲಿನ ಮೇಲೆ ತೇಲುತ್ತದೆ, ಒತ್ತುವುದಿಲ್ಲ.

ಹಗ್ಗ 20 ಮಿ.ಮೀ., ಇಲ್ಲಿ 0.8 ಮಿ.ಮೀ. ಹತ್ತಿ ದಾರ. ದಾರದ ಮೇಲೆ ಮೇಣದ ಬತ್ತಿ ಎಳೆದು ಬೆರಳಲ್ಲಿ ತಿಕ್ಕಿದರೆ ಎದ್ದ ಎಳೆಗಳು ಕೂರುತ್ತವೆ. ಒಂದು ತುದಿಯನ್ನು ಮುಂದಿನ ಕೊಕ್ಕೆಗೆ ಗಂಟು ಹಾಕಿ, ಲೋಡಿನ ಮೇಲಿಂದ ಎದುರು ಬದಿಗೆ ಎಸೆದು, ಅಲ್ಲಿನ ಕೊಕ್ಕೆಗೆ ಸಿಕ್ಕಿಸಿ ಬಿಗಿದು, ಮತ್ತೆ ಈ ಕಡೆಗೆ. ಪ್ರತಿ ಸಲ ಎಳೆದಾಗ ಕಾಗದ ಹಗ್ಗದಡಿ ತಗ್ಗಿ, ಎರಡು ಹಗ್ಗದ ನಡುವೆ ಮೂಟೆ ಉಬ್ಬಬೇಕು. ಕೊನೆಯ ತುದಿಯನ್ನು ಕತ್ತರಿಸಿ ಎಸೆಯಬೇಡಿ. ಉಳಿದ ಮೂರ್ನಾಲ್ಕು ಇಂಚನ್ನು ಸುರುಳಿ ಸುತ್ತಿ ಹಿಂದಿನ ಕೊಕ್ಕೆಗೆ ನೇತುಹಾಕಿ, ಒಂದು ಹನಿ ಫೆವಿಕಾಲ್ ತಾಗಿಸಿ, ರಾತ್ರಿಯಿಡೀ ಫ್ಯಾನ್ ಗಾಳಿ ಬೀಳದ ಕಡೆ ಒಣಗಲು ಬಿಡಿ.